ಮಾಯ್ ಮರದ ಒಪ್ಪಿಗೆ

ಹನ್ನೆರಡನೆಯ ತಿಂಗಳ ಹದಿನೈದರ ಬೆಳಗ್ಗೆ ಚಿನ್ ಅಜ್ಜಿ ಅಂಗಳಕ್ಕೆ ಇಳಿದು ಮಾಯ್ ಮರದ ಮೊಗ್ಗುಗಳನ್ನು ಮುಟ್ಟಿ ನೋಡಿದಳು. ಎರಡು ಕಣ್ಣಿಗೂ ಪೊರೆ ಬಂದು ಏಳು ವರ್ಷವಾಗಿತ್ತು. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎನ್ನುವುದು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೆ ಆ ಬೆರಳುಗಳು! ಎಲೆಯ ಬುಡದಲ್ಲಿ ಅಡಗಿ ಕೂತ ಭತ್ತದ ಕಾಳಿನಷ್ಟು ಮೊಗ್ಗನ್ನು ಒಮ್ಮೆ ಸವರಿದರೆ ಸಾಕು, ಇದು ಇಂಥ ದಿನಕ್ಕೆ ಬಿರಿಯುತ್ತದೆ ಎಂದು ಹೇಳಿಬಿಡುತ್ತಿದ್ದಳು. ನಮ್ಮ ಕಾಲುವೆಯ ಎರಡೂ ದಡದಲ್ಲಿ ಕಣ್ಣಿದ್ದವರೆಲ್ಲ ಈ ಕಣ್ಣಿಲ್ಲದವಳನ್ನು ಕೇಳಿಕೊಂಡೇ ತಮ್ಮ ಮನೆಯ ಮರದ ಎಲೆ ಕೀಳುತ್ತಿದ್ದರು.

"ಇವತ್ತೇ ಕೀಳು," ಅಂದಳು ಸೊಸೆಗೆ. "ಒಂದೆಲೇನೂ ಉಳೀಬಾರ್ದು. ತುದಿ ಹಿಡಿದು ಹಿಂದಕ್ಕೆ ಎಳಿ, ಕೆಳಕ್ಕೆ ಜಗ್ಗಬೇಡ. ತೊಗಟೆ ಸೀಳಿದ್ರೆ ಮೊಗ್ಗು ಹೋಯ್ತು ಅಂತಾನೇ."

"ಹನ್ನೊಂದು ವರ್ಷದಿಂದ ಕೀಳ್ತಿದೀನಿ ಅತ್ತೆ."

"ನಾನೂ ಹನ್ನೊಂದು ವರ್ಷದಿಂದ ಹೇಳ್ತಿದೀನಿ. ಹೋದ ವರ್ಷ ಏನಾಯ್ತು?"

ಲೂವಾ ಏಣಿ ತರಲು ಹೋದಳು.

ತೆತ್ ಹಬ್ಬದ, ಅಂದರೆ ನಮ್ಮ ಹೊಸ ವರ್ಷದ, ಮೊದಲ ಬೆಳಗ್ಗೆ ಮನೆಯ ಮುಂದೆ ಮಾಯ್ ಮರ ಮೈತುಂಬ ಹಳದಿ ಅರಳಿ ನಿಂತರೆ ಆ ವರ್ಷ ಮನೆಗೆ ಒಳ್ಳೆಯದು. ಅದಕ್ಕಾಗಿ ಹಬ್ಬಕ್ಕೆ ಎರಡು ವಾರ ಮುಂಚೆ ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಮರವನ್ನು ಬೋಳು ಮಾಡಬೇಕು. ಎಲೆಗೆ ಹೋಗುವ ಸತ್ವ ಆಗ ಮೊಗ್ಗಿಗೆ ಹೋಗುತ್ತದೆ. ದಿನ ತಪ್ಪಿದರೆ ಕೆಟ್ಟಿತು. ಒಂದು ದಿನ ಮುಂಚೆ ಬಿರಿದರೆ ನಗೆಪಾಟಲು, ತಡವಾದರೆ ವರ್ಷವೆಲ್ಲ ಆಡಿಕೊಳ್ಳುವವರ ಬಾಯಿಗೆ ತುತ್ತು. ಹೋದ ವರ್ಷ ಚಿನ್ ಅಜ್ಜಿಯ ಮನೆಯ ಮರ, ಎಂಬತ್ತು ವರ್ಷದ ಮರ, ಹಬ್ಬ ಮುಗಿದು ಎಂಟನೆಯ ದಿನ ಅರಳಿತ್ತು. ಎಲೆ ಕಿತ್ತವಳು ಲೂವಾ.

ಅವಳನ್ನು ಚುಚ್ಚಿದ್ದು ಜನರ ಮಾತಲ್ಲ. ಆ ಮರ ಹಬ್ಬದ ದಿನ ಅರಳಿದ್ದರೆ ಅವಳು ಈ ಮನೆಯಿಂದ ಹೊರಟುಹೋಗಿರುತ್ತಿದ್ದಳು.

ಏಣಿಯ ಮೇಲಿನ ಕೊಂಬೆಗಳು ಲೂವಾಳ ಪಾಲಿಗೆ, ಕೆಳಗಿನವು ಊತ್ ಚಿಕ್ಕಮ್ಮನ ಪಾಲಿಗೆ. ಊತ್ ಚಿಕ್ಕಮ್ಮ ಪಕ್ಕದ ಮನೆಯವಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕೆ ಎರಡು ಪಾಲು. ಈಶಾನ್ಯದ ಒಣಗಾಳಿ ಬೀಸಲು ಶುರುವಾಗಿ ತಿಂಗಳಾಗಿತ್ತು; ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ, ತುಟಿ ಒಡೆಯುತ್ತಿತ್ತು. ಕಿತ್ತ ಎಲೆಗಳು ಅಂಗಳದಲ್ಲಿ ಸರಸರ ಓಡಾಡುತ್ತಿದ್ದವು.

"ಮಡಕೆ ದೋಣಿ ತಿರುವಿನ ಹತ್ರ ಬಂದು ನಿಂತಿದೆ," ಅಂದಳು ಊತ್ ಚಿಕ್ಕಮ್ಮ, ಅತ್ತೆ ಒಳಗೆ ಹೋದದ್ದನ್ನು ನೋಡಿಕೊಂಡು. "ನಿನ್ನೆ ಸಾಯಂಕಾಲಾನೇ. ನಮ್ಮನೇಗೆ ಒಂದು ಹೂಜಿ ತಗೊಂಡೆ. ಹಳೇ ಹೂಜಿ ಚೆನ್ನಾಗೇ ಇತ್ತು, ಸುದ್ದಿಗೋಸ್ಕರ ತಗೊಂಡೆ ಕಣೇ."

"ನಿಮ್ಮ ಮನೇಲಿ ಹೂಜಿ ಎಷ್ಟಾಯ್ತು ಚಿಕ್ಕಮ್ಮ?"

"ಆರು. ಎಲ್ಲಾ ನಿನ್ನ ದೆಸೆಯಿಂದ. ನೀನು ಬೇಗ ಹೋಗಿಬಿಟ್ರೆ ನನ್ನ ಗಂಡ ಬದುಕ್ಕೊಂತಾನೆ."

ಲೂವಾಳಿಗೆ ನಗು ಬಂತು.

ಮಡಕೆ ದೋಣಿಯ ಯಜಮಾನ ಖಾಂಗ್. ನಲವತ್ತೈದರ ಗಂಡಸು, ಹೆಂಡತಿ ಸತ್ತು ಎಷ್ಟೋ ಕಾಲವಾಗಿತ್ತು. ಜೋರು ದನಿ, ದೊಡ್ಡ ಕೈ. ಮೂರು ವರ್ಷದಿಂದ ಗಿಡದ ಕುಂಡಗಳನ್ನು ಈ ಕಾಲುವೆಗೆ ತರುತ್ತಿದ್ದ. ಹೋದ ವರ್ಷ ಚಳಿಗಾಲ ಬರುವಾಗ, ಮಾಡಿಕೊಂಡರೆ ಲೂವಾಳನ್ನೇ ಮಾಡಿಕೊಳ್ಳುವುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದ. ಲೂವಾಳಿಗೂ ಬೇಕಿತ್ತು. ಗಂಡ ದಾತ್ ಜ್ವರದಲ್ಲಿ ಹೋಗಿ ಆಗ ವರ್ಷ ದಾಟಿತ್ತು, ಮಕ್ಕಳಿರಲಿಲ್ಲ. ಮೂವತ್ತಾರು ವಯಸ್ಸು. ಧೈರ್ಯ ಮಾಡಿ ಅತ್ತೆಯ ಮುಂದೆ ಹೇಳಿಯೂ ಬಿಟ್ಟಳು.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. "ನಾನು ನಿನ್ನ ಹಿಡಿದಿಟ್ಟಿದೀನಾ?" ಅಂದಿದ್ದಳು. "ನನಗೇನು, ಮಗಳು ಹ್ವೆ ಇದ್ದಾಳೆ, ಪಕ್ಕದ ಊರಲ್ಲೇ ಅವಳ ಮನೆ. ಅವಳೇ ಬಂದು ನೋಡ್ಕೊಂತಾಳೆ. ಆದ್ರೆ ಮರದ ಮಾತು ಬೇರೆ. ದಾತ್ ಹೋದ ಮೇಲೆ ಅದು ನಿನ್ನ ಕೈಗೆ ಒಗ್ಗಿದೆ. ನೀನು ಹೇಳದೆ ಕೇಳದೆ ಹೋದ್ರೆ ಒಣಗಿ ಸಾಯತ್ತೆ. ಅದನ್ನೇ ಕೇಳು. ಹಬ್ಬದ ಬೆಳಗ್ಗೆ ತುಂಬಾ ಅರಳಿ ನಿಂತ್ರೆ ಒಪ್ಪಿದೆ ಅಂತ ಲೆಕ್ಕ. ಸಂತೋಷವಾಗಿ ಹೋಗು."

ಮರ ಒಪ್ಪಲಿಲ್ಲ. ಎಂಟು ದಿನ ತಡಮಾಡಿತು. "ಅದಕ್ಕೆ ಗೊತ್ತಾಗಿದೆ, ನೋಡು," ಅಂದಿದ್ದಳು ಅತ್ತೆ. "ನೀನು ಹೊರಡೋ ಮನಸ್ಸಲ್ಲಿ ಕಿತ್ತೆ."

ಮರದ ಮಾತು ಕೇಳಿಕೊಂಡು ಒಬ್ಬಳು ಹೆಂಗಸು ವರ್ಷ ಕಳೆದಳೇ ಎಂದು ನಗಬೇಡಿ. ನಗುವುದು ಸುಲಭ. ನಮ್ಮ ಕಡೆ ಮರಗಳು ಮನೆಯವರೇ. ಯಜಮಾನ ಸತ್ತರೆ ನಾವು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುವ ಹಾಗೆ ಅವನು ಸಾಕಿದ ಮರಗಳಿಗೂ ಒಂದೊಂದು ಬಿಳಿ ತುಂಡು ಕಟ್ಟುತ್ತೇವೆ. ನಿನ್ನ ಒಡೆಯ ಹೋದ, ನೀನೂ ಸೂತಕ ಹಿಡಿ, ಅವನ ಹಿಂದೆ ಹೋಗಬೇಡ ಎಂದು ಹೇಳಿದ ಹಾಗೆ. ಕಟ್ಟದೆ ಬಿಟ್ಟ ಮರ ವರ್ಷದೊಳಗೆ ಒಣಗಿದ್ದನ್ನು ಕಂಡವರು ಬೇಕಾದಷ್ಟು ಜನ ಇದ್ದಾರೆ. ದಾತ್ ಉಸಿರು ಬಿಟ್ಟ ಗಳಿಗೆಯಲ್ಲಿ ಚಿನ್ ಅಜ್ಜಿ ಮಗನ ಕಾಲು ಹಿಡಿದುಕೊಂಡೇ ಚೀರಿದ್ದಳು: "ಮರಕ್ಕೆ ಕಟ್ಟು! ಲೂವಾ, ಓಡು, ಮರಕ್ಕೆ ಕಟ್ಟು! ಇಲ್ದಿದ್ರೆ ಅದೂ ಹೋಗತ್ತೆ!" ಲೂವಾ ಗಂಡನಿಗೆ ಅಳುವ ಮೊದಲು ಅಂಗಳಕ್ಕೆ ಓಡಿ ಮರಕ್ಕೆ ಬಟ್ಟೆ ಕಟ್ಟಿದ್ದಳು. ಆಮೇಲೆ ಬಂದು ಅತ್ತಳು.

ಆ ತುಂಡು ಇನ್ನೂ ಕಾಂಡದ ಮೇಲಿತ್ತು. ಸೂತಕದ ಕಾಲ ಮುಗಿದಿತ್ತು, ಬಿಚ್ಚುವುದೊಂದು ಉಳಿದಿತ್ತು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಅದನ್ನು ಲೂವಾ ಆ ದಿನ ಬಿಚ್ಚಿದಳು. ಗಂಟು ಬಿದ್ದಿದ್ದ ಜಾಗದಲ್ಲಿ ತೊಗಟೆ ಹಸಿಯಾಗಿ, ತಿಳಿಬಣ್ಣದಲ್ಲಿತ್ತು.

"ಸರಿಯಾಗಿ ಅರಳಿದ್ರೆ ಹೋಗ್ತೀಯಾ?" ಕೇಳಿದಳು ಊತ್ ಚಿಕ್ಕಮ್ಮ.

"ಹೋಗ್ತೀನಿ."

"ಅರಳದಿದ್ರೆ?"

ಲೂವಾ ಕೊನೆಯ ಕೊಂಬೆಯ ಎಲೆ ಕಿತ್ತಳು. "ಸುಮ್ನೆ ಕೆಲಸ ಮಾಡಿ ಚಿಕ್ಕಮ್ಮ," ಅಂದಳು.

*

ಎರಡು ದಿನ ಬಿಟ್ಟು ಲೂವಾ ಸಂತೆಗೆಂದು ಬೆಳೆಸಿದ್ದ ಚೆಂಡುಹೂವಿನ ಗಿಡಗಳಿಗೆ ಖಾಂಗ್ ಕುಂಡ ಇಳಿಸಲು ಬಂದ. ಅತ್ತೆ ಜಗಲಿಯ ಮೇಲೆ ಕೂತು ಮೂಲಂಗಿ ಹೆಚ್ಚಿ ಬಿಸಿಲಿಗೆ ಹರಡುತ್ತಿದ್ದಳು. ಕಣ್ಣು ಹೋದವರ ಕಿವಿ ಕೇಳಬೇಕೆ, ಕಾಲುವೆಯ ಮೆಟ್ಟಿಲ ಮೇಲೆ ಆಡಿದ ಪಿಸುಮಾತೂ ಅದಕ್ಕೆ ಬೀಳುತ್ತಿತ್ತು. ಖಾಂಗನಿಗಂತೂ ಪಿಸುಗುಟ್ಟಲು ಬರುವುದೇ ಇಲ್ಲ.

"ಅಜ್ಜಿ, ಆರೋಗ್ಯಾನಾ?" ಎಂದು ಅಲ್ಲಿಂದಲೇ ಕೂಗಿದ.

"ನೀನು ಬರೋವರೆಗೂ ಇತ್ತು," ಅಂದಳು ಅತ್ತೆ.

ಖಾಂಗ್ ನಕ್ಕ. ಲೂವಾ ಕುಂಡ ತೆಗೆದುಕೊಳ್ಳಲು ಇಳಿದಾಗ ಮಾತ್ರ ನಗು ನಿಲ್ಲಿಸಿದ. "ಕೇಳು ಲೂವಾ. ಇದೇ ಕೊನೆ. ರಾಕ್ ಯಾದಲ್ಲಿ ನಮ್ಮಣ್ಣ ಮಡಕೆ ಭಟ್ಟಿ ಹಾಕಿದಾನೆ, ಒಬ್ನೇ ಕೈಲಿ ಆಗ್ತಿಲ್ಲ. ಅಲ್ಲೇ ಮಡಕೆ ಸುಟ್ಟು ಅಲ್ಲೇ ಮಾರೋದು. ಇನ್ಮೇಲೆ ಈ ಕಾಲುವೆಗೆ ಬರಲ್ಲ."

"ಯಾವಾಗ ಹೊರಡ್ತೀರಾ?"

"ಹಬ್ಬದ ಮೊದಲ್ನೇ ದಿನ. ಮಧ್ಯಾಹ್ನ ನೀರು ಇಳಿಯೋ ಹೊತ್ತಿಗೆ ದೋಣಿ ಬಿಚ್ತೀನಿ."

"ಹಬ್ಬದ ದಿನ ಯಾರಾದ್ರೂ ಊರು ಬಿಡ್ತಾರಾ?"

"ಯಾರೂ ಬಿಡಲ್ಲ. ಕಾಲುವೆ ಖಾಲಿ ಇರತ್ತೆ." ಆಮೇಲೆ ದನಿ ತಗ್ಗಿಸಲು ಪ್ರಯತ್ನಪಟ್ಟ, ಆಗಲಿಲ್ಲ. "ಆ ದಿನ ಬೆಳಗ್ಗೆ ಮರ ಏನ್ ಹೇಳತ್ತೋ ನೋಡ್ಕೊಂಡು ಬಾ. ಹೋದ್ಸಲ ಹಾಗೇ ಹೇಳಿದೆ, ಕಾದೆ. ಈಗ ಇನ್ನೊಂದು ಸಲ ಕಾಯ್ತೀನಿ, ಮೂರ್ನೇದು ಆಗಲ್ಲ. ಮರಕ್ಕೆ ಎಂಬತ್ತು ವರ್ಷ, ಇನ್ನೂ ಎಂಬತ್ತು ಇರತ್ತೆ. ನನಗೆ ಅಷ್ಟಿಲ್ಲ ಕಣೇ."

"ಹಬ್ಬದ ದಿನ ವಿಧವೆ ಮೊದಲು ಕಾಲಿಟ್ರೆ ವರ್ಷವೆಲ್ಲ ಕೇಡು ಅಂತಾರೆ."

"ಕೇಡಾದ್ರೆ ಏನು, ನಾಲ್ಕು ಮಡಕೆ ಒಡೀತಾವೆ. ಮಡಕೆಗೇನು ಬರಗಾಲಾನಾ ನಮ್ಮನೇಲಿ? ನನ್ನ ದೋಣಿಗೆ ಆ ದಿನ ಮೊದಲು ಕಾಲಿಡೋಳು ನೀನೇ."

ಲೂವಾ ಕುಂಡವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದಳು. ಜಗಲಿಯ ಮೇಲೆ ಚಾಕುವಿನ ಸದ್ದು ಯಾವಾಗಲೋ ನಿಂತಿತ್ತು.

"ರಾಕ್ ಯಾ ಬಹಳ ದೂರ," ಅಂದಳು ಅತ್ತೆ, ಯಾರಿಗೂ ಅಲ್ಲದ ಹಾಗೆ. ಮತ್ತೆ ಮೂಲಂಗಿ ಹೆಚ್ಚತೊಡಗಿದಳು.

*

ಆ ಮೇಲಿನ ದಿನಗಳಲ್ಲಿ ಲೂವಾ ಮರವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ತೆಂಗಿನ ನಾರಿನಿಂದ ಕಾಂಡದ ಪಾಚಿ ಉಜ್ಜಿ ತೆಗೆದಳು. ಬುಡದ ಮಣ್ಣು ಸಡಿಲಿಸಿ ಭತ್ತದ ಹೊಟ್ಟು ಹಾಸಿದಳು. ಬೆಳಗ್ಗೆ ಸಾಯಂಕಾಲ ಅಳತೆ ನೋಡಿ ನೀರು ಹಾಕಿದಳು. ಚೆಂಡುಹೂವಿನ ಗಿಡಗಳ ಅಡ್ಡಚಿಗುರು ಚಿವುಟುವಾಗಲೂ ದೃಷ್ಟಿ ಮಾಯ್ ಮರದ ಮೇಲೆಯೇ ಇರುತ್ತಿತ್ತು.

ಬಿಸಿಲೇರಿದ ಮೇಲೆ ದಿನವೂ ಐಸಿನವನು ಸೈಕಲ್ಲಿನಲ್ಲಿ ಬರುತ್ತಿದ್ದ. ಹೊಟ್ಟಿನಲ್ಲಿ ಮುಚ್ಚಿದ ಐಸಿನ ಗಟ್ಟಿಯನ್ನು ಗರಗಸದಲ್ಲಿ ಕೊಯ್ದು, ಬಾಳೆಲೆಯಲ್ಲಿ ಸುತ್ತಿ, ಒಂದು ದೊಡ್ಡ ತುಂಡು ಅತ್ತೆಗೆ ಕೊಟ್ಟು ಹೋಗುತ್ತಿದ್ದ. ಒಣಗಾಳಿಗೆ ಅತ್ತೆಯ ಕಣ್ಣು ಉರಿಯುತ್ತಿತ್ತಂತೆ. ಹೋದ ಚಳಿಗಾಲದಲ್ಲೂ ಉರಿದಿತ್ತು. ಬಟ್ಟೆಯಲ್ಲಿ ಐಸು ಕಟ್ಟಿ ಕಣ್ಣಿಗೆ ಒತ್ತಿಕೊಂಡರೆ ತಂಪು ಅನ್ನುತ್ತಿದ್ದಳು.

"ನಾನು ಒತ್ತಲಾ ಅತ್ತೆ?" ಎಂದು ಲೂವಾ ಕೇಳಿದರೆ, "ಬೇಡ ಬೇಡ, ನಿನ್ನ ಕೆಲಸ ನೋಡು," ಎಂದು ಅಟ್ಟುತ್ತಿದ್ದಳು.

ಇಪ್ಪತ್ತಮೂರು ಬಂತು. ಒಲೆದೇವರು ಮನೆಮನೆಯ ವರದಿ ಹೊತ್ತು ಮೇಲಕ್ಕೆ ಹೋಗುವ ದಿನ. ಬಾಯಿ ಸಿಹಿಯಾಗಿದ್ದರೆ ದೂರು ಹೇಳುವುದಿಲ್ಲವೆಂದು ಒಲೆಯ ಮುಂದೆ ಎಳ್ಳುಮಿಠಾಯಿ ಇಡುತ್ತೇವೆ. ಅದೇ ದಿನ ಮಾಯ್ ಮೊಗ್ಗಿನ ಮೇಲಿನ ಸಿಪ್ಪೆ ಸೀಳಿ, ಒಳಗಿನ ಹಸಿರು ಕಾಳುಗಳು ಹೊರಗೆ ಬಂದರೆ, ಹಬ್ಬದ ಬೆಳಗ್ಗೆಗೆ ಹೂವು ಖಂಡಿತ. ಲೂವಾ ಬೆಳಕು ಹರಿಯುತ್ತಲೇ ಏಣಿ ಹತ್ತಿ ನೋಡಿದಳು. ಸೀಳಿತ್ತು! ಒಂದಲ್ಲ ಎರಡಲ್ಲ, ಕೊಂಬೆ ತುಂಬ. ಅವಳಿಗೆ ಕುಣಿಯಬೇಕೆನಿಸಿತು. ಏಣಿಯ ಮೇಲೆ ಎಲ್ಲಿ ಕುಣಿಯುವುದು, ಕೊಂಬೆ ತಬ್ಬಿಕೊಂಡು ನಿಂತಳು.

ಅತ್ತೆಯೂ ಬಂದು ಸವರಿದಳು. ಒಂದು ಕೊಂಬೆ, ಇನ್ನೊಂದು ಕೊಂಬೆ. ಮುಖದಲ್ಲಿ ಏನೂ ತೋರಲಿಲ್ಲ.

"ಚೆನ್ನಾಗಿದೆ," ಅಂದಳು. "ಇನ್ನೂ ದಿನ ಇದೆ. ಈಗಲೇ ಹಿಗ್ಗಬೇಡ."

ಹಿಗ್ಗಬೇಡ ಅಂದದ್ದೇ ಆಯಿತು. ಇಪ್ಪತ್ತನಾಲ್ಕಕ್ಕೆ ಮೊಗ್ಗು ಹಾಗೇ ಇತ್ತು. ಇಪ್ಪತ್ತೈದಕ್ಕೂ ಹಾಗೇ. ಹಸಿರು ಕಾಳುಗಳು ಉಬ್ಬಲಿಲ್ಲ, ತುದಿಯಲ್ಲಿ ಹಳದಿ ಗೆರೆ ಕಾಣಲಿಲ್ಲ. ಊತ್ ಚಿಕ್ಕಮ್ಮನ ಅಂಗಳದ ಚೋಟುದ್ದದ ಮರ ಕೂಡ ಮೈದುಂಬಿಕೊಳ್ಳುತ್ತಿರುವಾಗ ಈ ಮರ ಮಾತ್ರ ಉಸಿರು ಬಿಗಿಹಿಡಿದು ನಿಂತಿತ್ತು.

ಲೂವಾಳಿಗೆ ಅನ್ನ ಸೇರಲಿಲ್ಲ. ನಾನು ಮತ್ತೆ ಹೊರಡುವ ಮನಸ್ಸಿನಲ್ಲೇ ಕಿತ್ತೆನೇ? ಹೌದು, ಕಿತ್ತೆ. ಬೇರೆ ಯಾವ ಮನಸ್ಸನ್ನು ಎಲ್ಲಿಂದ ತರಲಿ? ಹೋಗಬೇಕೆಂದರೆ ಮರ ಅರಳಬೇಕು. ಹೋಗಬೇಕೆಂಬ ಆಸೆಯಿದ್ದರೆ ಮರ ಅರಳುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕೂತು ಅತ್ತರೆ ಆಗುವುದಿಲ್ಲವೆಂದು ಆ ಸಾಯಂಕಾಲ ನೀರು ಉಗುರುಬೆಚ್ಚಗೆ ಕಾಯಿಸಿ, ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಬುಡಕ್ಕೆ ಹೊಯ್ದಳು. ತಡವಾದ ಮರವನ್ನು ಹೀಗೆ ಬೆಚ್ಚಗೆ ಮಾಡಿ ಎಬ್ಬಿಸುವುದುಂಟು. ಆದರೆ ಅತ್ತೆಗೆ ಅದು ಆಗದು, ಮೋಸ ಅನ್ನುತ್ತಿದ್ದಳು. ಮಾರನೆಯ ಸಾಯಂಕಾಲವೂ ಹೊಯ್ದಳು. ಪೂರ್ವದ ಕಡೆಯ ಕೊಂಬೆಗಳಲ್ಲಿ ಮೊಗ್ಗು ಒಂದಿಷ್ಟು ಉಬ್ಬಿದ ಹಾಗೆ ಕಂಡಿತು. ಪಶ್ಚಿಮದ ಕಡೆ ಏನೂ ಇಲ್ಲ.

*

ಇಪ್ಪತ್ತೇಳರಂದು ಲೂವಾ ಚೆಂಡುಹೂವಿನ ಕುಂಡಗಳನ್ನು ಸಂತೆಗೆ ಸಾಗಿಸಿದಳು. ಮಧ್ಯಾಹ್ನ ಕಳೆದು ಬರುತ್ತೇನೆ ಎಂದು ಅತ್ತೆಗೆ ಹೇಳಿ ಹೋಗಿದ್ದಳು. ದೊಡ್ಡ ಊರಿನ ಒಬ್ಬ ವ್ಯಾಪಾರಿ ಲಾರಿ ತಂದು ಇದ್ದ ಕುಂಡವನ್ನೆಲ್ಲ ಒಂದೇ ಸಲಕ್ಕೆ ಎತ್ತಿಕೊಂಡ. ಹತ್ತು ಗಂಟೆಗೆಲ್ಲ ಕೈ ಖಾಲಿ. ಕಡುಬಿಗೆ ಅಂಟಕ್ಕಿ, ಬಾಳೆಲೆ ಕೊಂಡು, ಸಿಕ್ಕಿದ ದೋಣಿ ಹತ್ತಿ ಮನೆಗೆ ಬಂದಳು.

ಮೆಟ್ಟಿಲು ಹತ್ತುತ್ತಿದ್ದವಳು ಅರ್ಧದಲ್ಲೇ ನಿಂತಳು.

ಅತ್ತೆ ಮಾಯ್ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಾಳೆಲೆ ಬಿಚ್ಚಿತ್ತು. ಹೊಟ್ಟನ್ನು ಒಂದು ಕೈಯಿಂದ ಸರಿಸಿ, ಐಸಿನ ಚೂರುಗಳನ್ನು ಒಂದೊಂದಾಗಿ ಬೇರಿನ ಸಂದಿಗೆ ತುರುಕಿ, ಮತ್ತೆ ಹೊಟ್ಟು ಮುಚ್ಚುತ್ತಿದ್ದಳು. ಪಶ್ಚಿಮದ ಕಡೆ, ನೆರಳಿದ್ದ ಕಡೆ. ತಂಪಿಗೆ ಬೆರಳುಗಳು ಕೆಂಪಾಗಿದ್ದವು. ಮರದ ಹತ್ತಿರ ಮಾತಾಡುತ್ತಿದ್ದಳು.

"ಬೇಡ ಕಣೇ, ಈಗ್ಲೇ ಬೇಡ. ಇನ್ನೊಂದು ವರ್ಷ ತಡ್ಕೊ. ನೀನು ಅರಳಿದ್ರೆ ಅವಳು ಹೊರಟುಬಿಡ್ತಾಳೆ. ಹೋದ್ ವರ್ಷ ನನ್ನ ಮಾತು ಕೇಳಿದೆಯಲ್ಲ, ಜಾಣೆ. ಈ ಸಲಾನೂ ಕೇಳು. ನನಗಿನ್ನೆಷ್ಟು ವರ್ಷ ಇದೆ ಹೇಳು? ಆಮೇಲೆ ಎಷ್ಟು ಬೇಕಾದ್ರೂ ಅರಳುವಿಯಂತೆ."

ಲೂವಾಳ ಕೈಯಿಂದ ಅಕ್ಕಿಯ ಚೀಲ ಜಾರುವುದರಲ್ಲಿತ್ತು, ಹಿಡಿದುಕೊಂಡಳು. ಮೊದಲು ಬಂದದ್ದು ಸಿಟ್ಟು, ಎಂಥ ಸಿಟ್ಟೆಂದರೆ ಕಿವಿಯೊಳಗೆ ಗುಂಯ್ ಎಂದಿತು. ಒಂದು ವರ್ಷ! ಮರ ಮುನಿಸಿಕೊಂಡಿದೆ ಎಂದು ಒಂದು ವರ್ಷ ಅದರ ಬುಡದಲ್ಲಿ ಊದುಬತ್ತಿ ಹಚ್ಚಿ ಕ್ಷಮೆ ಕೇಳಿದ್ದಳು. ಆಮೇಲೆ, ದೇವರೇ, ನಗು ಬಂತು. ದಿನವೂ ಸಾಯಂಕಾಲ ತಾನು ಬಿಸಿನೀರು ಹೊಯ್ಯುವುದು, ಬೆಳಗ್ಗೆ ಅತ್ತೆ ಐಸು ಇಡುವುದು. ಆ ಬಡಪಾಯಿ ಮರ ಯಾರ ಮಾತು ಕೇಳಬೇಕು? ಅಷ್ಟರಲ್ಲೇ ಆ ಹೆಪ್ಪುಗಟ್ಟಿದ ಮುದಿ ಬೆರಳುಗಳನ್ನು ನೋಡಿ ಅಯ್ಯೋ ಅನ್ನಿಸಿಬಿಟ್ಟಿತು. ಸಿಟ್ಟೇ ವಾಸಿಯಿತ್ತು.

ಹೋಗಿ ಕೈ ಹಿಡಿದು, ನೋಡಿದೆ ಅತ್ತೆ, ಅನ್ನಬಹುದಿತ್ತು. ಅಂದರೆ ಅತ್ತೆ ಅಳುತ್ತಿದ್ದಳು. ಅತ್ತೆ ಅತ್ತರೆ ಲೂವಾ ಉಳಿಯುತ್ತಿದ್ದಳು. ಅವಳಿಗೆ ತನ್ನ ಬಗ್ಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಸದ್ದಿಲ್ಲದೆ ನಾಲ್ಕು ಮೆಟ್ಟಿಲು ಕೆಳಗಿಳಿದು, ನೀರಿನ ಹತ್ತಿರ ನಿಂತು, ಗಟ್ಟಿಯಾಗಿ ಕೂಗಿದಳು: "ಅತ್ತೇ, ಬೇಗ ಮುಗೀತು, ಬಂದೆ!"

ಮೇಲೆ ಬರುವಷ್ಟರಲ್ಲಿ ಅತ್ತೆ ಜಗಲಿಯ ಮೇಲಿದ್ದಳು, ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು. "ಇಷ್ಟು ಬೇಗಾನಾ?" ಅಂದಳು. ಏದುಸಿರು ಬರುತ್ತಿತ್ತು.

ಲೂವಾ ಆ ಸಾಯಂಕಾಲವೂ ಬಿಸಿನೀರು ಹೊಯ್ದಳು. ಮಾರನೆಯ ದಿನ ಅತ್ತೆಗೆ ಐಸು ಬಂತು. ಇಬ್ಬರೂ ಎದುರುಬದುರು ಕೂತು ಕಡುಬು ಕಟ್ಟಿದರು, ಅತ್ತೆ ಬಾಳೆಲೆ ಮಡಿಸುವುದು, ಲೂವಾ ದಾರ ಸುತ್ತುವುದು. ಬಾಯಿಂದ ಬಂದದ್ದು ಉಪ್ಪು ಎಷ್ಟು, ಹೆಸರುಬೇಳೆ ಎಷ್ಟು ಎನ್ನುವ ಮಾತುಗಳು ಮಾತ್ರ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತವರು.

"ಅತ್ತೆ," ಎಂದು ಒಮ್ಮೆ ಕೇಳಿದಳು ಲೂವಾ. "ನೀವು ಈ ಮನೆಗೆ ಬಂದಾಗ ಮರ ಎಷ್ಟಿತ್ತು?"

"ಈ ಸೂರಿನಷ್ಟು. ನನಗೆ ಹದಿನಾರು." ಅತ್ತೆಯ ಕೈ ಎಲೆಯ ಮೇಲೆ ನಿಂತಿತು. "ಮೂರ್ನೇ ತಿಂಗಳಿಗೆ ನಾನೂ ತವರಿಗೆ ಓಡಿಹೋಗೋಕೆ ಗಂಟು ಕಟ್ಟಿದ್ದೆ. ನಮ್ಮತ್ತೆ ನನ್ನ ಈ ಮರದ ಹತ್ರ ಎಳ್ಕೊಂಡು ಬಂದು ನಿಲ್ಸಿದ್ಳು."

"ಏನಂದ್ರು?"

"ಏನಂತಾರೆ," ಅಂದಳು ಅತ್ತೆ. "ದಾರ ಬಿಗಿಯಾಗಿ ಸುತ್ತು. ಬೇಯುವಾಗ ಬಿಚ್ಕೊಳತ್ತೆ."

*

ಹಬ್ಬದ ಬೆಳಗಾಯಿತು. ಲೂವಾ ಬಾಗಿಲು ತೆರೆದು ನೋಡಿದಳು. ಮರ ಅರ್ಧ ಅರಳಿತ್ತು.

ಅರ್ಧವೆಂದರೆ ಅರ್ಧವೇ. ಪೂರ್ವದ ಕೊಂಬೆಗಳೆಲ್ಲ ಕಣ್ಣು ಕುಕ್ಕುವ ಹಳದಿ. ಪಶ್ಚಿಮದ ಕೊಂಬೆಗಳಲ್ಲಿ ಒಂದು ದಳವೂ ಇಲ್ಲ, ಬರೀ ಹಸಿರು ಕಾಳು. ನಮ್ಮ ಕಾಲುವೆಯಲ್ಲಿ ಅಂಥ ಮರವನ್ನು ಯಾರೂ ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಅತ್ತೆ ಏನು ಹೇಳುತ್ತಾಳೆಂದು ಲೂವಾಳಿಗೆ ಗೊತ್ತಿತ್ತು. ಮುಂದಿನ ವರ್ಷ ಏನು ಹೇಳುತ್ತಾಳೆ, ಅದರಾಚೆಯ ವರ್ಷ ಏನು ಹೇಳುತ್ತಾಳೆ, ಅದೂ ಗೊತ್ತಿತ್ತು. ಮರದ ಒಪ್ಪಿಗೆ ಎನ್ನುವುದು ಎಂದಿಗೂ ಬರುವಂಥದ್ದಲ್ಲ. ಹೇಳದೆ ಹೋದರೋ, ಮರ ಸಾಯುತ್ತದೆ ಎನ್ನುವ ಮಾತು ರಾಕ್ ಯಾದವರೆಗೂ ಬೆನ್ನು ಹತ್ತಿ ಬರುತ್ತದೆ. ದೃಷ್ಟಿ ಕಾಂಡದ ಮೇಲೆ ಬಿತ್ತು. ಹಳೆಯ ಗಂಟಿನ ತಿಳಿಬಣ್ಣದ ಗುರುತು ಹಾಗೇ ಇತ್ತು. ದಾತ್ ಹೋದ. ಮರ ಸಾಯಲಿಲ್ಲ. ಯಾಕೆ ಸಾಯಲಿಲ್ಲ?

ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಗಂಡನಿಗಾಗಿ ತಲೆಗೆ ಕಟ್ಟಿಕೊಂಡಿದ್ದ ಬಿಳಿ ಪಟ್ಟಿ ತಳದಲ್ಲಿತ್ತು. ಹಬ್ಬದ ಮೊದಲ ದಿನ ಬಿಳಿ ಬಟ್ಟೆ ಕಣ್ಣಿಗೆ ಬೀಳುವುದೇ ಅಪಶಕುನ, ನಮ್ಮಲ್ಲಿ ಆ ದಿನ ಬಿಳಿ ಅಂಗಿಯನ್ನೂ ಹಾಕುವುದಿಲ್ಲ. ಹೊರಗೆ ಬಂದು ಪಟ್ಟಿಯನ್ನು ಕಾಂಡಕ್ಕೆ ಸುತ್ತಿ, ಹಳೆಯ ಗುರುತಿನ ಮೇಲೆಯೇ ಗಂಟು ಹಾಕಿದಳು.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದಳು. ಹೊಸ ಕಂದು ಅಂಗಿ ತೊಟ್ಟು, ಕೂದಲು ಬಾಚಿ ಮುಡಿ ಕಟ್ಟಿದ್ದಳು. ನೆಟ್ಟಗೆ ಪಶ್ಚಿಮದ ಕೊಂಬೆಗೆ ಕೈ ಹಾಕಿ ಸವರಿದಳು. ಆಮೇಲೆ ಪೂರ್ವದ ಕೊಂಬೆ. ಅಲ್ಲಿ ಬೆರಳುಗಳು ಬೆಚ್ಚಿ ನಿಂತವು.

"ಅರ್ಧ," ಅಂದಳು. ಗಂಟಲು ಸರಿಮಾಡಿಕೊಂಡಳು. "ಅರ್ಧ ಅಂದ್ರೆ ಇನ್ನೂ ಯೋಚನೆ ಮಾಡ್ತಿದೆ, ನೋಡು. ಬೇಡ ಅಂತಿಲ್ಲ. ಇನ್ನೊಂದು ವರ್ಷ..."

ಮಾತಾಡುತ್ತ ಆಸರೆಗೆಂದು ಕಾಂಡದ ಮೇಲೆ ಕೈ ಇಟ್ಟಳು. ಕೈಗೆ ಬಟ್ಟೆ ಸಿಕ್ಕಿತು.

"ಇದನ್ನ ಬಿಚ್ಚಿದ್ದೆ ಅಂದ್ಯಲ್ಲ?"

"ಅದು ಹಳೇದು. ಇದು ಬೇರೆ."

ಅತ್ತೆಯ ಬೆರಳುಗಳು ಗಂಟನ್ನು ಹುಡುಕಿದವು, ಅಂಚಿನ ಹೊಲಿಗೆಯನ್ನು ಸವರಿದವು. ಮುಖದ ರಕ್ತ ಇಳಿದುಹೋಯಿತು. "ಯಾರು ಸತ್ರು? ಹ್ವೆ? ಲೂವಾ, ಹ್ವೆಗೆ ಏನಾದ್ರೂ..."

"ಹ್ವೆ ಚೆನ್ನಾಗಿದಾಳೆ ಅತ್ತೆ, ಮಧ್ಯಾಹ್ನ ಬರ್ತಾಳೆ. ಈ ಮರಾನ ಹನ್ನೊಂದು ವರ್ಷ ನೋಡ್ಕೊಂಡೋಳು ಸತ್ಳು. ನಾನು."

ಗಾಳಿಗೆ ಪೂರ್ವದ ಕೊಂಬೆಯಿಂದ ಎರಡು ಎಸಳು ಉದುರಿದವು. ಕಾಲುವೆಯ ಆಚೆ ಯಾರದೋ ಮನೆಯಲ್ಲಿ ಹಬ್ಬದ ಶುಭಾಶಯ ಹೇಳುವ ಗದ್ದಲ ಕೇಳುತ್ತಿತ್ತು. ಅತ್ತೆ ಬಟ್ಟೆಯನ್ನು ಬಿಡದೆ ಹಿಡಿದುಕೊಂಡಿದ್ದಳು.

"ಐಸು ನೋಡಿದ್ಯಾ?" ಎಂದು ಕೊನೆಗೆ ಕೇಳಿದಳು.

"ನೋಡ್ದೆ. ನಾನು ಬಿಸಿನೀರು ಹೊಯ್ದೆ."

"ಅದಕ್ಕೇ." ಅತ್ತೆಯ ಮೂಗಿನಿಂದ ನಗುವಿನಂಥದ್ದು ಹೊರಟು ಅಲ್ಲೇ ಅಡಗಿತು. "ಐವತ್ನಾಲ್ಕು ವರ್ಷ ಆಯ್ತು ಕಣೇ ನಾನು ಈ ಬುಡದಲ್ಲಿ ಕೂತು. ಸತ್ತೋರಿಗೆಲ್ಲಾ ಕಟ್ಟಿಸ್ದೆ. ಮಾವನಿಗೆ, ಅತ್ತೆಗೆ, ಗಂಡನಿಗೆ, ಮಗನಿಗೆ. ಬದುಕಿದ್ದಾಗ್ಲೇ ಕಟ್ಟಬಹುದು ಅಂತ ನನಗೆ ಹೊಳೀಲೇ ಇಲ್ಲ."

ಲೂವಾ ಅಳಲು ಶುರುಮಾಡಿದಳು. ಅತ್ತೆ ಅಳಲಿಲ್ಲ. ಕೋಲನ್ನು ಮರಕ್ಕೆ ಒರಗಿಸಿ, ಎರಡೂ ಕೈಯಿಂದ ಗಂಟನ್ನು ಹಿಡಿದು ಅಲ್ಲಾಡಿಸಿ ನೋಡಿದಳು.

"ಎಷ್ಟು ಸಲ ಹೇಳ್ಬೇಕು ನಿನಗೆ? ಹೀಗೆ ಕಟ್ಟಿದ್ರೆ ನಾಲ್ಕು ದಿನಕ್ಕೆ ಬಿಚ್ಕೊಂಡು ಹೋಗತ್ತೆ." ಗಂಟು ಬಿಚ್ಚಿದಳು. ಅತ್ತೆ ಪಟ್ಟಿಯನ್ನು ಎಳೆದು ಬಿಗಿಮಾಡಿ, ಮತ್ತೊಮ್ಮೆ ಸುತ್ತಿ, ಎರಡು ಗಂಟು ಹಾಕಿದಳು. ಗಂಟಿನ ಮೇಲೆ ಅಂಗೈ ಇಟ್ಟು ಒತ್ತಿದಳು.

"ಇನ್ನೂ ಯಾಕೆ ನಿಂತಿದೀಯ?" ಅಂದಳು, ದನಿ ಒರಟಾಗಿತ್ತು. "ಸತ್ತೋಳಿಗೆ ಹಬ್ಬದ ದಿನ ಮನೆ ಮುಂದೆ ಏನು ಕೆಲಸ? ಹೋಗು."

ಲೂವಾ ನೆಲಕ್ಕೆ ಕೂತು ಅತ್ತೆಯ ಪಾದಕ್ಕೆ ಹಣೆ ಮುಟ್ಟಿಸಿದಳು. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ, ತಲೆ ಮುಟ್ಟಲೂ ಇಲ್ಲ. ಹೊಸ್ತಿಲ ಒಳಗೆ ಹೋದ ವರ್ಷದಿಂದ ಕಟ್ಟಿಟ್ಟಿದ್ದ ಬಟ್ಟೆಗಂಟು ಎತ್ತಿಕೊಂಡು ಲೂವಾ ಮೆಟ್ಟಿಲಿಳಿದಳು.

ತಿರುವಿನಲ್ಲಿ ನಿಂತಿದ್ದ ದೋಣಿಯನ್ನು ಖಾಂಗ್ ಬೆಳಗ್ಗೆಯೇ ಮೆಟ್ಟಿಲ ಹತ್ತಿರ ತಂದಿದ್ದ. ಅವಳ ಮುಖ ನೋಡಿ, ಹುಟ್ಟಿನಿಂದಲೂ ಬಾರದ ಬುದ್ಧಿ ಆ ದಿನ ಬಂದು, ಬಾಯಿ ಬಿಡದೆ ಕೈ ಚಾಚಿದ.

ಲೂವಾ ಒಂದು ಕಾಲು ಎತ್ತಿದ್ದಳು. ಮೇಲಿಂದ ದನಿ ಬಂತು, ದಿನವೂ ಬರುವಂಥದ್ದೇ ದನಿ:

"ಲೂವಾ! ನಾಳೆ ಮರಕ್ಕೆ ನೀರು ಹಾಕ್ಬೇಕೋ, ನಾಡಿದ್ದೋ?"

ನಾಡಿದ್ದು. ಹೂವು ಬಿಟ್ಟ ಮರಕ್ಕೆ ದಿನ ಬಿಟ್ಟು ದಿನ, ಎರಡು ಚೊಂಬು. ಅತ್ತೆಗೆ ಗೊತ್ತಿಲ್ಲದ ವಿಷಯವೇ ಅದು? ಉತ್ತರ ಲೂವಾಳ ನಾಲಿಗೆಯ ತುದಿಗೆ ಬಂದಿತ್ತು, ತುಟಿಯೂ ತೆರೆದಿತ್ತು. ಒಂದು ಮಾತು ಆಡಿದರೆ ಅತ್ತೆ ಇನ್ನೊಂದು ಕೇಳುತ್ತಾಳೆ. ಅದಕ್ಕೂ ಉತ್ತರ ಹೇಳಬೇಕಾಗುತ್ತದೆ.

"ಲೂವಾ? ಇದೀಯಾ?"

ಸತ್ತವರು ಓಗೊಡುವುದಿಲ್ಲ. ಲೂವಾ ತುಟಿ ಮುಚ್ಚಿಕೊಂಡು ದೋಣಿಗೆ ಕಾಲಿಟ್ಟಳು.